‘ಕೈ ಕೊಟ್ಟೈತೆ’ ಅನ್ನೋದೂ ಒಂದು ವರದಿ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಸೋದರಮಾವ ವಾಟ್ಸಾಪಿನಲ್ಲಿ 9 ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಿದರು. ‘ಏನವ್ವಾ, ನಿನ್ನ ಕಂಪ್ಯೂಟರು ಕೈ ಕೊಟ್ಟೈತೆ ನೋಡು. ಬಿಲ್ಲೆಲ್ಲ ಮಾಯ ಆಗ್ಯಾವೆ. ಒಂದು ಸಲ ಬಂದು ಹೋಗು.’

ಕಂಪ್ಯೂಟರು ನನ್ನದಲ್ಲ, ಅವರದ್ದೇ. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ಅವರದೊಂದು ದಲ್ಲಾಲಿ ಅಂಗಡಿ ಇದೆ, ಮೆಕ್ಕೆಜೋಳವೇ ಮುಖ್ಯ ವ್ಯಾಪಾರ. ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ಬಿಟ್ಟು ಬಿಲ್ಲಿಂಗ್ ತಂತ್ರಾಂಶ ಹಾಕಿಸಿಕೊಳ್ಳಿ ಅಂತ ಎರಡು ವರ್ಷ ತಲೆ ತಿಂದವಳು ನಾನು. ಹಾಗಾಗಿ ಅದು ಕೆಟ್ಟಾಗಲೆಲ್ಲ ನನ್ನದು, ಸರಿಯಿದ್ದಾಗ ಅವರದ್ದು. ಬೆಂಗಳೂರಿನ ಕಂಪನಿಯೊಂದಕ್ಕೆ ವಿದ್ಯಾನಗರದ ಮನೆಯಿಂದಲೇ ಕೆಲಸ ಮಾಡುವ ಟೆಸ್ಟರ್ ನಾನು. ತಂತ್ರಾಂಶದಲ್ಲಿ ತಪ್ಪು ಹುಡುಕಿ ಬರೆದು ಕೊಡುವುದೇ ಹೊಟ್ಟೆಪಾಡು. ಆ ಜಂಬದಲ್ಲೇ ಫೋನ್ ಮಾಡಿ, ‘ಮಾವ, ಮೇಲಿನ ಮೂಲೆಯಲ್ಲಿ ರಿಪೋರ್ಟ್ ಅಂತ ಒಂದು ಬಟನ್ ಇರುತ್ತೆ, ಅದನ್ನ ಒತ್ತಿ ಬರೀರಿ, ಕಂಪನಿಯವರೇ ಸರಿ ಮಾಡ್ತಾರೆ’ ಅಂದೆ.

ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು. ‘ಪಾಸ್‌ಪೋರ್ಟ್ ಅರ್ಜಿ ಇದ್ದಂಗೈತೆ ಇದು. ಕೊನಿಗೆ ಲಾಗ್ ಹಾಕು ಅಂತಾನೆ. ಈ ವಯಸ್ಸಲ್ಲಿ ನಾನೆಲ್ಲಿ ಲಾಗ ಹಾಕ್ಲವ್ವಾ?’

ಸಂಜೆ ಅಂಗಡಿಗೆ ಹೋಗಿ ಆ ನಮೂನೆ ತೆರೆದು ನೋಡಿದೆ. ಮೊದಲು ಇಮೇಲ್ ಕೊಟ್ಟು ಖಾತೆ ಮಾಡಿಕೊಳ್ಳಬೇಕು. ಪಾಸ್‌ವರ್ಡಿನಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು. ಆಮೇಲೆ 11 ಖಾನೆ, ಎಲ್ಲವೂ ಇಂಗ್ಲಿಷಿನಲ್ಲಿ. ಕಾಂಪೊನೆಂಟ್ ಯಾವುದು? ಬಿಲ್ಡ್ ನಂಬರ್ ಎಷ್ಟು? ಸಿವಿಯಾರಿಟಿ ಬ್ಲಾಕರ್ರೋ, ಕ್ರಿಟಿಕಲ್ಲೋ, ಮೇಜರ್ರೋ, ಮೈನರ್ರೋ, ಟ್ರಿವಿಯಲ್ಲೋ? ಸ್ಟೆಪ್ಸ್ ಟು ರೀಪ್ರೊಡ್ಯೂಸ್ ಬರೆಯಿರಿ. ಲಾಗ್ ಫೈಲ್ ಲಗತ್ತಿಸಿ. ಇಂಥ ನಮೂನೆಯನ್ನು ದಿನಕ್ಕೆ ಹತ್ತು ಸಲ ತುಂಬುವವಳು ನಾನು. ಮಾವನ ಗಾದಿಯ ಮೇಲೆ, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಹೊರಗೆ ಹಮಾಲರು ಕೂಗಾಡುತ್ತಿರುವಾಗ ಅದನ್ನು ನೋಡಿದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಅದು ಬಾಗಿಲಲ್ಲ, ಬೇಲಿ.

ತಂತ್ರಾಂಶ ಬರೆಯುವವರು ಇಷ್ಟೆಲ್ಲ ಕೇಳುವುದು ಕೊಬ್ಬಿನಿಂದ ಅಲ್ಲ. ಬೈಕಿನಲ್ಲಿ ಕಟಕಟ ಸದ್ದು ಬರುತ್ತದೆ ಅಂತ ಗ್ಯಾರೇಜಿಗೆ ಒಯ್ದರೆ ಅಲ್ಲಿ ಆ ಸದ್ದು ಬರುವುದೇ ಇಲ್ಲ, ಇದು ಎಲ್ಲರ ಅನುಭವ. ಮೆಕ್ಯಾನಿಕ್ ಆಗ ಕೇಳುತ್ತಾನೆ: ಯಾವಾಗ ಬರುತ್ತೆ? ಮೂರನೇ ಗೇರಿನಲ್ಲೋ? ಹಿಂದೆ ಯಾರಾದರೂ ಕೂತಾಗಲೋ? ಎಂಜಿನ್ ಬಿಸಿ ಆದಮೇಲೋ? ಅವನಿಗೆ ಬೇಕಾದದ್ದು ಆ ಸದ್ದು ಅವನ ಕಣ್ಣೆದುರಿಗೆ ಇನ್ನೊಂದು ಸಲ ಬರುವುದು. ಬಂದರೆ ಎಲ್ಲಿಂದ ಅಂತ ಹುಡುಕಬಹುದು, ಬಿಗಿ ಮಾಡಿದಮೇಲೆ ನಿಂತಿತೋ ಇಲ್ಲವೋ ಅಂತ ನೋಡಬಹುದು. ತಂತ್ರಾಂಶದಲ್ಲೂ ಅಷ್ಟೇ. ‘ಸ್ಟೆಪ್ಸ್ ಟು ರೀಪ್ರೊಡ್ಯೂಸ್’ ಅಂದರೆ ‘ಅದೇ ತಪ್ಪು ನನ್ನ ಮೇಜಿನ ಮೇಲೂ ಆಗುವಂತೆ ಮಾಡಲು ಏನೇನು ಒತ್ತಬೇಕು ಹೇಳಿ’ ಅಂತ. ಆ ತಪ್ಪು ತನ್ನ ಕಣ್ಣಿಗೆ ಬೀಳದೆ ಅದನ್ನು ತಿದ್ದಲು ಹೊರಡುವ ಪ್ರೋಗ್ರಾಮರು ಕತ್ತಲಲ್ಲಿ ಕರಿಬೆಕ್ಕು ಹುಡುಕಿದ ಹಾಗೆ.

2008ರಲ್ಲಿ ಸಂಶೋಧಕರ ತಂಡವೊಂದು ಅಪಾಚೆ, ಎಕ್ಲಿಪ್ಸ್, ಮೊಜಿಲ್ಲಾ ಎಂಬ ಮೂರು ದೊಡ್ಡ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಒಳಗನ್ನು ನೋಡಿ ತಿದ್ದಬಹುದಾದ ತಂತ್ರಾಂಶ) ಯೋಜನೆಗಳಲ್ಲಿ ತಂತ್ರಾಂಶ ಬರೆಯುವವರನ್ನೂ ದೋಷ ವರದಿ ಮಾಡುವವರನ್ನೂ ವಿಚಾರಿಸಿತು. 466 ಉತ್ತರ ಬಂದವು. ಬರೆಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮೂರು: ತಪ್ಪನ್ನು ಮರುಕಳಿಸುವ ಕ್ರಮ, ಸ್ಟ್ಯಾಕ್ ಟ್ರೇಸ್ (ಇದೇನು ಅಂತ ಮುಂದೆ ಹೇಳುತ್ತೇನೆ), ಪರೀಕ್ಷಿಸಲು ಒಂದು ಮಾದರಿ. ವರದಿ ಮಾಡುವವರಿಗೆ ಒದಗಿಸಲು ಕಷ್ಟವಾಗುವುದೂ ಅವೇ. ವ್ಯಾಪಾರದ ಮಾತಲ್ಲಿ ಹೇಳುವುದಾದರೆ ಕೊಳ್ಳುವವನಿಗೆ ಬೇಕಾದ ಮಾಲು ಮಾರುವವನ ಹತ್ತಿರ ಇಲ್ಲ, ಅವನ ಹತ್ತಿರ ಇರುವುದು ಇವನಿಗೆ ಬೇಡ. ನೆನಪಿರಲಿ, ಈ ಮೂರೂ ಯೋಜನೆಗಳಿಗೆ ವರದಿ ಮಾಡುತ್ತಿದ್ದವರು ಸಾಕಷ್ಟು ಕಂಪ್ಯೂಟರ್ ಬಲ್ಲವರು. ಮಾವನಂಥವರು ಆ 466ರಲ್ಲಿ ಇದ್ದಿರಲಾರರು.

ಈಗಿನ ದೋಷ ನಮೂನೆಗಳ ಅಜ್ಜ ಅಂದರೆ ಬಗ್‌ಜಿಲ್ಲಾ. 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ಹುಟ್ಟಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ಕಟ್ಟಿದವರು ಪ್ರೋಗ್ರಾಮರುಗಳು, ಕಟ್ಟಿದ್ದು ಪ್ರೋಗ್ರಾಮರುಗಳಿಗಾಗಿ. ಗಾರೆ ಕೆಲಸದವರು ತಮ್ಮತಮ್ಮೊಳಗೆ ಲೆಕ್ಕ ಇಟ್ಟುಕೊಳ್ಳುವ ಪುಸ್ತಕ ಇದ್ದಂತೆ. ಆಮೇಲೆ ಆ ಪುಸ್ತಕವನ್ನೇ ತೆಗೆದು ಮನೆ ಕೊಂಡವರ ಕೈಗೆ ಕೊಟ್ಟು, ‘ಸೋರುತ್ತಿದ್ದರೆ ಇದರಲ್ಲಿ ಬರೆಯಿರಿ’ ಅಂದರು. ತಪ್ಪಾದದ್ದು ಅಲ್ಲಿ. ಬಗ್‌ಜಿಲ್ಲಾದಲ್ಲಿ ವರದಿಯನ್ನು ಮುಗಿಸುವಾಗ ಹಾಕುವ ಮುದ್ರೆಗಳನ್ನೇ ನೋಡಿ: ಇನ್‌ವ್ಯಾಲಿಡ್, ವೋಂಟ್‌ಫಿಕ್ಸ್, ವರ್ಕ್ಸ್‌ಫಾರ್‌ಮೀ. ಒಳಗಿನವರಿಗೆ ಇವು ವಿಂಗಡಣೆಯ ಚೀಟಿಗಳು ಅಷ್ಟೇ. ಹೊರಗಿನವರಿಗೆ ಕೇಳಿಸುವುದು ‘ನೀನು ಹೇಳಿದ್ದು ಸುಳ್ಳು’, ‘ಸರಿ ಮಾಡಲ್ಲ ಹೋಗು’, ‘ನನಗೆ ಚೆನ್ನಾಗೇ ನಡೀತಿದೆ, ನಿನ್ನ ಕರ್ಮ’. ಎಪಿಎಂಸಿಯಲ್ಲಿ ಯಾರಾದರೂ ರೈತನಿಗೆ ಹೀಗೆ ಉತ್ತರ ಕೊಟ್ಟರೆ ಮಾರನೇ ದಿನ ಆ ಅಂಗಡಿಗೆ ಒಂದು ಚೀಲವೂ ಬರುವುದಿಲ್ಲ.

ಇದರಿಂದ ಬಳಕೆದಾರನಿಗೆ ಮಾತ್ರ ಕಷ್ಟ, ಕಂಪನಿಗೇನು ಅಂದುಕೊಳ್ಳಬೇಡಿ. 2019ರ ಜನವರಿಯಲ್ಲಿ ಅಮೆರಿಕದ ಅರಿಜೋನಾದ 14 ವರ್ಷದ ಹುಡುಗನೊಬ್ಬ ಗೆಳೆಯರ ಜೊತೆ ಆಟ ಆಡಲೆಂದು ಐಫೋನಿನಿಂದ ಗುಂಪು ಫೇಸ್‌ಟೈಮ್ (ಆಪಲ್‌ನ ವಿಡಿಯೊ ಕರೆ) ಕರೆ ಮಾಡಿದ. ಆ ಕಡೆಯವನು ಕರೆ ಎತ್ತುವ ಮೊದಲೇ ಅವನ ಕಡೆಯ ಮಾತು ಇವನಿಗೆ ಕೇಳಿಸತೊಡಗಿತು. ಅಂದರೆ ಯಾರು ಬೇಕಾದರೂ ಯಾರ ಫೋನನ್ನು ಬೇಕಾದರೂ ಕದ್ದು ಕೇಳುವ ಕಿವಿ ಮಾಡಿಕೊಳ್ಳಬಹುದಿತ್ತು. ಹುಡುಗನ ತಾಯಿ ವಕೀಲೆ. ಆಪಲ್ ಕಂಪನಿಗೆ ಫೋನ್ ಮಾಡಿದರು, ಇಮೇಲ್ ಕಳಿಸಿದರು, ಟ್ವಿಟರಿನಲ್ಲಿ ಬರೆದರು, ಕೊನೆಗೆ ಫ್ಯಾಕ್ಸ್ ಕೂಡ ಮಾಡಿದರು. ಅವರಿಗೆ ಸಿಕ್ಕ ಉತ್ತರಗಳಲ್ಲಿ ಒಂದು, ದೋಷ ವರದಿ ಮಾಡಬೇಕಾದರೆ ತಂತ್ರಾಂಶ ಬರೆಯುವವರಿಗೆಂದು ಇರುವ ಡೆವಲಪರ್ ಖಾತೆ ತೆರೆಯಿರಿ ಅನ್ನುವುದು. ಒಂದು ವಾರದ ಮೇಲೆ ಹೀಗೇ ಕಳೆಯಿತು. ಜನವರಿ 28ರಂದು ಸುದ್ದಿ ಎಲ್ಲೆಡೆ ಹಬ್ಬಿದಾಗ ಕಂಪನಿ ಗುಂಪು ಕರೆಯ ಸೌಲಭ್ಯವನ್ನೇ ನಿಲ್ಲಿಸಿತು. ಫೆಬ್ರವರಿ 7ಕ್ಕೆ ತಿದ್ದಿದ ಆವೃತ್ತಿ ಬಂತು. ಈ ನಡುವೆ ಕಂಪನಿ ಕ್ಷಮೆ ಕೇಳಿ, ಇಂಥ ವರದಿಗಳನ್ನು ಸ್ವೀಕರಿಸುವ ವ್ಯವಸ್ಥೆಯನ್ನು ಸುಧಾರಿಸುತ್ತೇವೆ ಅಂದಿತು, ಹುಡುಗನ ಹೆಸರನ್ನೂ ತಿದ್ದುಪಡಿಯ ಟಿಪ್ಪಣಿಯಲ್ಲಿ ಹಾಕಿತು. ಇಷ್ಟು ದೊಡ್ಡ ತೂತು ಕಂಡುಹಿಡಿಯಲು ಒಂದು ಮಗು ಸಾಕಾಯಿತು, ಅದನ್ನು ತಿಳಿಸಲು ವಕೀಲೆಯೂ ಸಾಕಾಗಲಿಲ್ಲ.

ಹಾಗಾದರೆ ಸುಲಭ ಮಾಡುವುದು ಅಂದರೆ ಏನು? ಖಾನೆ ಕಡಿಮೆ ಮಾಡಿ, ಬಣ್ಣ ಹಚ್ಚಿ, ನಗುಮುಖದ ಚಿತ್ರ ಅಂಟಿಸಿದರೆ ಆಯಿತೇ? ನನ್ನ ಲೆಕ್ಕದಲ್ಲಿ ಇದು ಒಂದೇ ಸೂತ್ರದ ಮೇಲೆ ನಿಂತಿದೆ: ಯಂತ್ರಕ್ಕೆ ಗೊತ್ತಿರುವುದನ್ನು ಮನುಷ್ಯನನ್ನು ಕೇಳಬೇಡಿ, ಮನುಷ್ಯನಿಗೆ ಮಾತ್ರ ಗೊತ್ತಿರುವುದನ್ನು ಕೇಳದೆ ಬಿಡಬೇಡಿ. ಬೆಣ್ಣೆ ದೋಸೆ ಹೋಟೆಲಿನಲ್ಲಿ ‘ದೋಸೆ ಸೀದಿದೆ’ ಅಂದರೆ ಮಾಣಿ ತಟ್ಟೆ ನೋಡುತ್ತಾನೆ, ಒಳಗೆ ಒಯ್ಯುತ್ತಾನೆ. ‘ಎಷ್ಟನೇ ಹೆಂಚು, ಕಾವು ಎಷ್ಟಿತ್ತು, ಸೌದೆ ಯಾವುದು’ ಅಂತ ನಮ್ಮನ್ನು ಕೇಳುವುದಿಲ್ಲ. ಅದೆಲ್ಲ ಅವನ ಅಡುಗೆಮನೆಯಲ್ಲೇ ಇದೆ.

ಯಂತ್ರಕ್ಕೆ ಗೊತ್ತಿರುವುದು ಬೇಕಾದಷ್ಟಿದೆ. ತಂತ್ರಾಂಶದ ಆವೃತ್ತಿ, ಫೋನಿನ ಮಾದರಿ, ಆಂಡ್ರಾಯ್ಡೋ ವಿಂಡೋಸೋ, ಎಷ್ಟು ಜಾಗ ಉಳಿದಿದೆ, ಇಂಟರ್‌ನೆಟ್ ಇತ್ತೋ ಇಲ್ಲವೋ, ಕೊನೆಗೆ ಒತ್ತಿದ ಬಟನ್ ಯಾವುದು, ಎಷ್ಟು ಗಂಟೆಗೆ. ಇದನ್ನೆಲ್ಲ ತಂತ್ರಾಂಶ ಒಳಗೊಳಗೇ ಬರೆದಿಟ್ಟುಕೊಳ್ಳುವ ದಿನಚರಿಯೇ ‘ಲಾಗ್’. ಮಾವ ಹಾಕಬೇಕಾಗಿದ್ದ ಲಾಗ ಇದು. ಸ್ಟ್ಯಾಕ್ ಟ್ರೇಸ್ ಅನ್ನುವುದು ಇನ್ನೂ ಸ್ವಲ್ಪ ಒಳಗಿನ ಮಾತು. ಯಾರ್ಡಿನಲ್ಲಿ ಚೀಲವೊಂದು ಒಡೆದು ಕಾಳು ಚೆಲ್ಲಿತು ಅನ್ನಿ. ಯಾರ ಕೈಯಲ್ಲಿ ಒಡೆಯಿತು? ತೂಕದವನ ಕೈಯಲ್ಲಿ. ಅವನಿಗೆ ಕೊಟ್ಟವರು? ಹಮಾಲ. ಹಮಾಲನಿಗೆ? ಲಾರಿಯ ಮೇಲಿದ್ದವನು. ಕೈಯಿಂದ ಕೈಗೆ ಬಂದ ಈ ಸರಣಿಯನ್ನು ಹಿಂದಿನಿಂದ ಬರೆದರೆ ಅದೇ ಸ್ಟ್ಯಾಕ್ ಟ್ರೇಸ್. ತಂತ್ರಾಂಶದ ಒಂದು ತುಣುಕು ಇನ್ನೊಂದಕ್ಕೆ ಕೆಲಸ ಒಪ್ಪಿಸುತ್ತಾ ಹೋಗುತ್ತದೆ, ಎಲ್ಲೋ ಒಂದು ಕಡೆ ಚೀಲ ಒಡೆಯುತ್ತದೆ. ಒಡೆದದ್ದು ತೂಕದವನ ಕೈಯಲ್ಲಾದರೂ ಹೊಲಿಗೆ ಬಿಟ್ಟಿದ್ದು ಲಾರಿಯಲ್ಲೇ ಇರಬಹುದು. ಅದಕ್ಕೇ ಪ್ರೋಗ್ರಾಮರಿಗೆ ಇಡೀ ಸರಣಿ ಬೇಕು.

ಇದನ್ನು ಯಂತ್ರವೇ ಕಳಿಸುವ ಏರ್ಪಾಡು ಹೊಸದಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ, ಪ್ರೋಗ್ರಾಮ್ ಇದ್ದಕ್ಕಿದ್ದಂತೆ ಮುಚ್ಚಿಕೊಂಡ ಕೂಡಲೇ ‘ಈ ತೊಂದರೆಯನ್ನು ಮೈಕ್ರೋಸಾಫ್ಟಿಗೆ ತಿಳಿಸಿ’ ಅಂತ ಬರುತ್ತಿದ್ದ ಕಿಟಕಿ ನೆನಪಿರಬಹುದು. ಬಹಳ ಜನ ಬೇಡ ಅಂತ ಒತ್ತಿ ಎದ್ದುಹೋಗುತ್ತಿದ್ದೆವು. ಕಳಿಸು ಅಂತ ಒತ್ತಿದವರ ವರದಿಗಳು ಮಾತ್ರ ಆ ಕಡೆ ಹೋಗಿ, ಒಂದೇ ಜಾಗದಲ್ಲಿ ಒಡೆದವು ಒಂದೇ ಗುಡ್ಡೆಗೆ ಬೀಳುತ್ತಿದ್ದವು. ಯಾವ ಗುಡ್ಡೆ ದೊಡ್ಡದೋ ಅದನ್ನು ಮೊದಲು ಸರಿಪಡಿಸುವುದು. ವಿಂಡೋಸಿನ ಬದಲು ಬಳಸುವ ಉಬುಂಟು ಎಂಬ ಮುಕ್ತ ವ್ಯವಸ್ಥೆಯಲ್ಲಿ ಇದೇ ಕೆಲಸಕ್ಕೆ ಅಪೋರ್ಟ್ ಇದೆ. ಅಂಥದೇ ವ್ಯವಸ್ಥೆಗಳಲ್ಲಿ ಬಳಸುವ ಕೆಡಿಇ ಎಂಬ ತಂತ್ರಾಂಶಗಳ ಗುಂಪಿನಲ್ಲಿ ಡಾಕ್ಟರ್ ಕೊಂಕಿ ಅನ್ನುವ ಸಾಧನ ಪ್ರೋಗ್ರಾಮ್ ಬಿದ್ದಾಗ ಎದ್ದುಬಂದು, ತಾನು ಕಲೆಹಾಕಿದ ಮಾಹಿತಿ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತು ಅಂತ ನಕ್ಷತ್ರ ಕೊಟ್ಟು ತೋರಿಸುತ್ತದೆ. ಈ ನಕ್ಷತ್ರ ನನಗೆ ಇಷ್ಟ. ಬಳಕೆದಾರನಿಗೆ ಪಾಠ ಹೇಳದೆ ‘ಇನ್ನೊಂಚೂರು ಬೇಕು’ ಅನ್ನುವ ರೀತಿ ಅದು. ಗೂಗಲ್ ಮ್ಯಾಪ್ಸಿನಲ್ಲಿ ಫೋನನ್ನು ಕುಲುಕಿದರೂ ದೂರು ಹೇಳುವ ಕಿಟಕಿ ತೆರೆಯುವ ಸೌಲಭ್ಯ ಇದೆ. ನಮ್ಮ ಹಳೇಪೇಟೆ ಗಲ್ಲಿಗಳಲ್ಲಿ ಬೈಕ್ ಓಡಿಸುವವರು ಅದನ್ನು ಆಫ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಇಲ್ಲೇ ಒಂದು ದೊಡ್ಡ ಮಿತಿ ಇದೆ. ಯಂತ್ರಕ್ಕೆ ಗೊತ್ತಾಗುವುದು ತಾನು ಬಿದ್ದದ್ದು ಮಾತ್ರ. ತಾನು ತಪ್ಪು ಹೇಳಿದ್ದು ಗೊತ್ತಾಗುವುದಿಲ್ಲ. ಮಾವನ ಬಿಲ್ಲಿಂಗ್ ತಂತ್ರಾಂಶ ಒಂದು ಸಲವೂ ಬೀಳಲಿಲ್ಲ, ಕೆಂಪು ಅಕ್ಷರ ತೋರಿಸಲಿಲ್ಲ, ಲಾಗಿನಲ್ಲಿ ಒಂದು ಎಚ್ಚರಿಕೆಯ ಸಾಲೂ ಇರಲಿಲ್ಲ. ಅದರ ಪಾಲಿಗೆ ಎಲ್ಲ ಸುಸೂತ್ರ. ಬಿಲ್ ಮಾತ್ರ ಇಲ್ಲ.

ಮಾವನನ್ನು ಕೇಳಿದೆ. ಏನು ಮಾಡೋಕೆ ಹೋಗಿದ್ರಿ? ‘ಆಡಿಟರು ಮಾರ್ಚ್ ತಿಂಗಳ ಪಟ್ಟಿ ಕೇಳಿದ್ರು, ತೆಗೆದೆ.’ ಏನು ಬರಬೇಕಿತ್ತು? ‘ಒಂದನೇ ತಾರೀಕಿಂದ ಇವತ್ತಿನವರೆಗೆ ಎಲ್ಲ ಬರಬೇಕಿತ್ತು.’ ಏನು ಬಂತು? ‘ಅರ್ಧ ಇಲ್ಲ.’ ಒಳ್ಳೆಯ ವರದಿಯ ಜೀವಾಳ ಈ ಮೂರು ಪ್ರಶ್ನೆ. ಒಬ್ಬ ಕಮಿಷನ್ ಏಜೆಂಟರು ಇವಕ್ಕೆ ಚಹಾ ಆರುವ ಮೊದಲೇ ಉತ್ತರ ಕೊಟ್ಟರು. ಆಮೇಲೆ ನಾಲ್ಕನೆಯದೊಂದು ಕೇಳಿದೆ. ಯಾವ ನಮೂನೆಯಲ್ಲೂ ಇದನ್ನು ನಾನು ಕಂಡಿಲ್ಲ, ಆದರೆ ನನ್ನ ಕೆಲಸದಲ್ಲಿ ಎಷ್ಟೋ ಸಲ ಬೀಗ ತೆಗೆದದ್ದು ಇದೇ: ಯಾವುದು ಸರಿಯಾಗಿದೆ?

‘ಹದಿಮೂರರಿಂದ ಈಚಿಗೆ ಎಲ್ಲ ಸರಿ ಐತೆ. ಹಿಂದಿಂದರಲ್ಲಿ ಮೂರನೇ ತಾರೀಕಿಂದು ಒಂದೇ ಐತೆ. ಅದ್ಯಾಕೋ ಉಳ್ಕಂಡೈತೆ.’

ಮೈ ಜುಮ್ಮೆಂದಿತು. ಮಾರ್ಚ್ 3, ಅಂದರೆ 03/03. ಹಿಂದುಮುಂದಾದರೂ ಒಂದೇ! ಜನವರಿಯ ಪಟ್ಟಿ ತೆಗೆಸಿದೆ, ಜನವರಿ 3ಕ್ಕೆ ಒಂದು ಹೊರೆ ಬಿಲ್ ಜಾಸ್ತಿ ಇತ್ತು. ಅವು ಮಾರ್ಚ್ 1ರವು. ಮೇ 3ಕ್ಕೆ ಮಾರ್ಚ್ 5ರ ಬಿಲ್‌ಗಳು. ಡಿಸೆಂಬರ್ 3ಕ್ಕೆ, ಅಂದರೆ ಇನ್ನೂ ಹುಟ್ಟದ ದಿನಕ್ಕೆ, ಮಾರ್ಚ್ 12ರ ಜೋಳ ಮಾರಾಟವಾಗಿ ಕೂತಿತ್ತು. ನಾವು ದಿನ ಮೊದಲು ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಫೆಬ್ರವರಿ ಕೊನೆಗೆ ಬಂದ ಅಪ್‌ಡೇಟಿನಲ್ಲಿ ಯಾರೋ 05/03 ಅನ್ನುವುದನ್ನು ಅಮೆರಿಕದ ರೀತಿ ಓದುವಂತೆ ಮಾಡಿದ್ದರು. ಹಾಗಾದರೆ 13ರಿಂದ ಮುಂದೆ ಹೇಗೆ ಸರಿ? ಹದಿಮೂರನೇ ತಿಂಗಳು ಇಲ್ಲವಲ್ಲ. ಆಗ ಇಂಥ ತಂತ್ರಾಂಶಗಳು ಗೊಣಗದೆ ನಮ್ಮ ಕ್ರಮಕ್ಕೆ ಹೊರಳಿಕೊಂಡುಬಿಡುತ್ತವೆ. ಅಷ್ಟು ಉಪಕಾರ ಮಾಡದೆ ಮುಖಕ್ಕೇ ‘ತಪ್ಪು’ ಅಂದಿದ್ದರೆ ಇದು 13ನೇ ತಾರೀಕೇ ಸಿಕ್ಕಿಬೀಳುತ್ತಿತ್ತು.

ಇಲ್ಲಿ ನೋಡಬೇಕಾದ್ದು ಮಾವನ ‘ಮೂರನೇ ತಾರೀಕಿಂದು ಒಂದೇ ಉಳ್ಕಂಡೈತೆ’ ಅನ್ನುವ ಮಾತನ್ನು. ಇಡೀ ದೋಷದ ಕೀಲಿ ಅದರಲ್ಲೇ ಇತ್ತು. ಅದನ್ನು ಹಾಕಲು ಆ 11 ಖಾನೆಗಳಲ್ಲಿ ಒಂದು ಕಡೆಯೂ ಜಾಗ ಇರಲಿಲ್ಲ. ಕಂಪ್ಯೂಟರ್ ಚರಿತ್ರೆಯ ಪ್ರಸಿದ್ಧ ಹುಳದ ಕಥೆ ಎಲ್ಲರೂ ಕೇಳಿರುತ್ತೀರಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಪತಂಗ ಸಿಕ್ಕಿತ್ತು, ಅದನ್ನು ದಿನಚರಿ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು ಅನ್ನುವುದು. ದೋಷಕ್ಕೆ ‘ಬಗ್’ (ಹುಳ) ಅನ್ನುವ ಪದ ಅಲ್ಲೇ ಹುಟ್ಟಿತು ಅನ್ನುವುದು ಸರಿಯಲ್ಲ, 1870ರ ದಶಕದಲ್ಲೇ ಎಡಿಸನ್ ಆ ಪದ ಬಳಸಿದ್ದಾನೆ. ನನಗೆ ಆ ಪುಟ ಇಷ್ಟವಾಗುವುದು ಬೇರೆ ಕಾರಣಕ್ಕೆ. ಸಮಯ, ಜಾಗ, ಏನು ಸಿಕ್ಕಿತು, ಜೊತೆಗೆ ಸಾಕ್ಷಿ ಎಲ್ಲ ಒಂದೇ ಕಡೆ, ಒಂದೂವರೆ ಸಾಲಿನಲ್ಲಿ. ಖಾನೆಗಳಿಲ್ಲ, ಖಾಲಿ ಪುಟ. ಹುಳವನ್ನೇ ಅಂಟಿಸಬಹುದಾದ ಖಾಲಿ ಜಾಗ ನಮ್ಮ ನಮೂನೆಗಳಲ್ಲೂ ಇರಬೇಕು.

ಆ ಖಾಲಿ ಜಾಗಕ್ಕೆ ಯಾವ ಭಾಷೆ? ಮಾವನಿಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಸಂಕೋಚ. ಕನ್ನಡ ಟೈಪ್ ಮಾಡಲು ತಾಳ್ಮೆ ಇಲ್ಲ. ಮಾತಾಡಲು ಮಾತ್ರ ಯಾವ ತೊಂದರೆಯೂ ಇಲ್ಲ, ಆ 9 ಸೆಕೆಂಡಿನ ವಾಯ್ಸ್ ಮೆಸೇಜೇ ಸಾಕ್ಷಿ. ಹಾಗಾಗಿ ಮೈಕಿನ ಗುರುತು ಒಂದಿದ್ದರೆ ಅರ್ಧ ಕೆಲಸ ಆದಂತೆ. ಧ್ವನಿಯನ್ನು ಬರಹ ಮಾಡಿ, ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತವರಿಗೆ ಯಂತ್ರವೇ ಅನುವಾದಿಸಿ ಕೊಡಲಿ, ಆದರೆ ಮೂಲ ಧ್ವನಿಯನ್ನು ಎಸೆಯಬಾರದು. ‘ಉಳ್ಕಂಡೈತೆ’ ಯಂತ್ರದ ಅನುವಾದದಲ್ಲಿ ಏನಾಗಿ ಬಂದೀತೋ ಹೇಳಲಾಗದು. ಇನ್ನೊಂದು ಸಣ್ಣ ಸಂಗತಿ: ಕನ್ನಡದಲ್ಲಿ ಬರೆದು ಕಳಿಸಿದರೆ ಆ ಕಡೆಗೆ ಬರೀ ‘?????’ ಆಗಿ ಮುಟ್ಟಿಸುವ ದೂರು ಪೆಟ್ಟಿಗೆಗಳನ್ನು ನಾನು ಕಂಡಿದ್ದೇನೆ. ದೂರು ಪೆಟ್ಟಿಗೆಯಲ್ಲೇ ದೋಷ! ಅದನ್ನು ಹೇಳಲು ಮತ್ತೆ ಅದೇ ಪೆಟ್ಟಿಗೆ.

ಕನ್ನಡದ ನಮೂನೆ ಅಂದಾಕ್ಷಣ ‘ಸಿವಿಯಾರಿಟಿ’ ಇದ್ದಲ್ಲಿ ‘ತೀವ್ರತೆ’ ಅಂತ ಬರೆದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಮಾವನಿಗೆ ಅದೂ ಇದೂ ಒಂದೇ. ಪ್ರಶ್ನೆಯನ್ನೇ ಬದಲಾಯಿಸಬೇಕು. ‘ಕೆಲಸ ಪೂರ್ತಿ ನಿಂತಿದೆಯಾ? ಬೇರೆ ದಾರಿಯಲ್ಲಿ ಸಾಗಿಸುತ್ತಿದ್ದೀರಾ? ಕಿರಿಕಿರಿ ಅಷ್ಟೇನಾ?’ ಇದಕ್ಕೆ ಯಾರು ಬೇಕಾದರೂ ಉತ್ತರ ಹೇಳುತ್ತಾರೆ. ಅದನ್ನು ಬ್ಲಾಕರ್, ಮೇಜರ್ ಅಂತ ವಿಂಗಡಿಸುವುದು ಒಳಗಿನವರ ಕೆಲಸ.

ನಮ್ಮ ಲಿಪಿಯ ದೋಷಗಳು ಹೊರಗಿನವರಿಗೆ ಕಾಣುವುದೇ ಇಲ್ಲ, ಅದಕ್ಕೂ ಇದು ಮುಖ್ಯ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಬಂದರೆ ಸಾಕು ಐಫೋನಿನ ಮೆಸೇಜ್ ಆ್ಯಪ್ ಕುಸಿದು ಬೀಳುತ್ತಿತ್ತು. ಒಂದು ಅಕ್ಷರ! ಅದೇ ತಿಂಗಳು ತಿದ್ದುಪಡಿ ಬಂತು, ಯಾಕೆಂದರೆ ಜಗತ್ತಿನಾದ್ಯಂತ ಜನ ಅದನ್ನು ಕಿಡಿಗೇಡಿತನಕ್ಕೆ ಕಳಿಸತೊಡಗಿದ್ದರು. ಯಾರಿಗೂ ಕಾಟ ಕೊಡದೆ ಕೂತಿರುವ ದೋಷಗಳ ಗತಿ ಬೇರೆ. ಅರ್ಕಾವತ್ತು ಜಾಗ ತಪ್ಪುವುದು, ಒತ್ತಕ್ಷರ ಬಿಡಿಬಿಡಿಯಾಗಿ ಬಿಲ್ಲಿನಲ್ಲಿ ಅಚ್ಚಾಗುವುದು, ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡ ಕಲಸುಮೇಲೋಗರವಾಗುವುದು, ಇವನ್ನೆಲ್ಲ ನಾವು ‘ಕನ್ನಡ ಅಂದ್ರೆ ಕಂಪ್ಯೂಟರಿನಲ್ಲಿ ಹಂಗೇ’ ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ಇಂಥಲ್ಲಿ ಮಾತಿಗಿಂತ ಚಿತ್ರ ಮೇಲು. ಸ್ಕ್ರೀನ್‌ಶಾಟ್ ತೆಗೆದು, ಕೆಟ್ಟ ಜಾಗದ ಸುತ್ತ ಬೆರಳಿನಿಂದ ಒಂದು ಸುತ್ತು ಎಳೆಯಲು ಬಿಟ್ಟರೆ ಸಾಕು.

ಚಿತ್ರ ಅಂದಕೂಡಲೇ ಇನ್ನೊಂದು ಭಯ. ಮಾವನ ಪರದೆಯ ಮೇಲೆ ರೈತರ ಹೆಸರು, ಊರು, ಫೋನ್ ನಂಬರು, ಬ್ಯಾಂಕ್ ಖಾತೆ, ಯಾರಿಗೆ ಎಷ್ಟು ಮುಂಗಡ ಅನ್ನುವುದೆಲ್ಲ ಇರುತ್ತದೆ. ಅದನ್ನು ಕಂಪನಿಗೆ ಕಳಿಸುವುದು ಅಂದರೆ ಯಾರ್ಡಿನ ಗುಟ್ಟನ್ನೆಲ್ಲ ಮೈಕಿನಲ್ಲಿ ಹೇಳಿದಂತೆ. ಆಂಡ್ರಾಯ್ಡಿನ ಪೂರ್ಣ ಬಗ್ ರಿಪೋರ್ಟಿನಲ್ಲೂ ಖಾಸಗಿ ಮಾಹಿತಿ ಸೇರಿರಬಹುದು. ಹಾಗಾಗಿ ಒಳ್ಳೆಯ ಸಾಧನ ‘ಇಷ್ಟು ಕಳಿಸುತ್ತಿದ್ದೇನೆ, ನೋಡಿ’ ಅಂತ ಮೊದಲೇ ತೋರಿಸಬೇಕು, ಹೆಸರು ನಂಬರುಗಳಿಗೆ ತಾನೇ ಮಸಿ ಬಳಿಯಬೇಕು, ಬೇಡ ಅಂದರೆ ಬಿಡಬೇಕು. 2023ರಲ್ಲಿ ನಮ್ಮಲ್ಲೂ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾಯ್ದೆಯಾಗಿದೆ. ಕಾಯ್ದೆಗಿಂತ ಮೊದಲು ನಂಬಿಕೆ ಬೇಕು. ಒಮ್ಮೆ ಒಬ್ಬ ರೈತನ ಖಾತೆ ನಂಬರು ಹೊರಗೆ ಬಿದ್ದರೆ ಮಾವ ಇನ್ನು ಆ ಬಟನ್ ಮುಟ್ಟುವುದಿಲ್ಲ, ಕೆಂಪು ಪುಸ್ತಕಕ್ಕೇ ವಾಪಸ್ಸು.

ಇದರಲ್ಲಿ ಚೆನ್ನಾಗಿ ಆಗಿರುವುದೂ ಇದೆ, ಅದು ಎಲ್ಲರ ಕೈಯಲ್ಲೇ ಇದೆ. 2016ರಲ್ಲಿ ಬಂದ ಯುಪಿಐ. ‘ದುಡ್ಡು ಹೋಗಿದೆ, ಮುಟ್ಟಿಲ್ಲ’ ಅನ್ನುವ ದೂರಿಗೆ ಬೇರೆ ಅರ್ಜಿ ಹುಡುಕಬೇಕಾಗಿಲ್ಲ. ಆ ವ್ಯವಹಾರದ ಮೇಲೇ ಬೆರಳಿಟ್ಟು, ಅಲ್ಲೇ ತೊಂದರೆ ಏನು ಅಂತ ಆರಿಸಿದರೆ ಆಯಿತು. 12 ಅಂಕಿಯ ಉಲ್ಲೇಖ ಸಂಖ್ಯೆ, ಸಮಯ, ಮೊತ್ತ, ಎರಡೂ ಕಡೆಯ ಬ್ಯಾಂಕು ಎಲ್ಲ ತಾನಾಗಿ ಅದರ ಜೊತೆ ಹೋಗುತ್ತದೆ. ದೂರು ಹುಟ್ಟುವುದು ಎಲ್ಲಿ ತಪ್ಪಾಯಿತೋ ಅಲ್ಲೇ. ಪಿ.ಜೆ. ಬಡಾವಣೆಯ ತರಕಾರಿ ಅಜ್ಜಿಯ ಮೊಮ್ಮಗಳೂ ಇದನ್ನು ಮಾಡುತ್ತಾಳೆ. ಬಿಲ್ಲಿಂಗ್ ತಂತ್ರಾಂಶದಲ್ಲೂ ಪಟ್ಟಿಯ ಮೇಲೆ ಬೆರಳು ಒತ್ತಿ ಹಿಡಿದರೆ ‘ಇದು ಸರಿಯಿಲ್ಲ’ ಅಂತ ಹೇಳುವ ದಾರಿ ಇದ್ದಿದ್ದರೆ ಕಾಂಪೊನೆಂಟ್ (ತಂತ್ರಾಂಶದ ಭಾಗ) ಯಾವುದು ಅನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಮ್ಮ ಆಫೀಸಿನಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬ ಹಿರಿಯ ಪ್ರೋಗ್ರಾಮರು ನಕ್ಕುಬಿಟ್ಟರು. ‘ಬಾಗಿಲು ಹಾಗೆ ತೆಗೆದಿಟ್ಟರೆ ಕಸವೆಲ್ಲ ಒಳಗೆ ಬರುತ್ತೆ. ಒಂದೇ ದೋಷ 400 ಸಲ, ಅದರಲ್ಲಿ ಅರ್ಧ ಪಾಸ್‌ವರ್ಡ್ ಮರೆತವರದ್ದು. ಯಾರು ಗುಡಿಸೋದು?’ ಇದು ಸುಳ್ಳಲ್ಲ. ಮುಕ್ತ ತಂತ್ರಾಂಶಗಳಲ್ಲಂತೂ ಸಂಬಳವಿಲ್ಲದೆ ದುಡಿಯುವವರೇ ಹೆಚ್ಚು. ಈಚೆಗೆ ಎಐ ಬರೆದ, ನೋಡಲು ಅಚ್ಚುಕಟ್ಟಾದ, ಒಳಗೆ ಏನೂ ಇಲ್ಲದ ವರದಿಗಳ ಹಾವಳಿ ಬೇರೆ. ಕರ್ಲ್ ಎಂಬ ಎಲ್ಲೆಡೆ ಬಳಕೆಯಲ್ಲಿರುವ ತಂತ್ರಾಂಶವನ್ನು ನಡೆಸುವವರು ಇದರ ಬಗ್ಗೆ ಬಹಿರಂಗವಾಗಿಯೇ ಬೇಸರ ತೋಡಿಕೊಂಡಿದ್ದಾರೆ. ವಿಚಿತ್ರ ನೋಡಿ: ಆ 11 ಖಾನೆಗಳನ್ನೂ ತಪ್ಪಿಲ್ಲದೆ ತುಂಬಿ ಕಳಿಸುವುದು ಎಐಗೆ ಚಿಟಿಕೆ ಹೊಡೆದಷ್ಟು ಸುಲಭ. ಬೇಲಿ ಈಗ ತಡೆಯುತ್ತಿರುವುದು ಮಾವನನ್ನು ಮಾತ್ರ.

ಕಸ ಬೇರ್ಪಡಿಸುವ ಜರಡಿ ಬೇಕು, ಒಪ್ಪೋಣ. ಆದರೆ ಅದು ಒಳಗಿರಲಿ, ಬಾಗಿಲಲ್ಲಿ ಅಲ್ಲ. ಉಬುಂಟುವಿನಂಥದೇ ಇನ್ನೊಂದು ಮುಕ್ತ ವ್ಯವಸ್ಥೆ ಡೆಬಿಯನ್‌ನಲ್ಲಿ ದೋಷ ತಿಳಿಸಲು ಖಾತೆ ಬೇಕಿಲ್ಲ, ಒಂದು ಇಮೇಲ್ ಸಾಕು. ಅದಕ್ಕಿರುವ ರಿಪೋರ್ಟ್‌ಬಗ್ ಸಾಧನ ಒಂದೊಂದೇ ಪ್ರಶ್ನೆ ಕೇಳುತ್ತಾ, ಬರೆಯಲು ಬಿಡುವ ಮೊದಲೇ ‘ಈಗಾಗಲೇ ಬಂದಿರುವ ದೂರುಗಳು ಇವು, ನಿಮ್ಮದು ಇದರಲ್ಲೇ ಇದೆಯಾ ನೋಡಿ’ ಅಂತ ಪಟ್ಟಿ ಮುಂದಿಡುತ್ತದೆ. ಅದರದ್ದು ಬಲ್ಲವರ ಭಾಷೆ, ನಿಜ. ಯೋಚನೆ ಮಾತ್ರ ಸರಿಯಾದದ್ದು. ಅದೇ ಪಟ್ಟಿಯ ಪಕ್ಕ ‘ನನಗೂ ಹೀಗೇ’ ಅಂತ ಒಂದು ಬಟನ್ ಇಟ್ಟರೆ 400 ವರದಿ ಹೋಗಿ, ಒಂದು ವರದಿ ಮತ್ತು 399 ಬೆರಳು ಆಗುತ್ತದೆ. ಆ 399 ಎಣಿಕೆಯೇ ಒಂದು ಮಾಹಿತಿ.

ಉಳಿದದ್ದು ಉತ್ತರ. ಯಾರ್ಡಿನಲ್ಲಿ ಚೀಲ ಇಳಿಸಿದರೆ ಚೀಟಿ, ತೂಗಿದರೆ ಚೀಟಿ, ದುಡ್ಡು ಕೊಟ್ಟರೆ ಚೀಟಿ. ದೂರು ಕೊಟ್ಟವನಿಗೂ ಒಂದು ಚೀಟಿ ಬೇಕು: ‘ಬಂದಿದೆ, ಈ ನಂಬರು.’ ಆಮೇಲೆ ‘ನೋಡುತ್ತಿದ್ದೇವೆ’, ‘ನಮ್ಮಲ್ಲೂ ಹಾಗೇ ಆಯಿತು’, ‘ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತೆ’, ಅಥವಾ ‘ಇದನ್ನು ಈಗ ಮಾಡಲಾಗದು, ಕಾರಣ ಇದು’. ಇಷ್ಟು ಸಿಕ್ಕಿದರೆ ಸಾಮಾನ್ಯರು ಎರಡನೇ ಸಲವೂ ತಿಳಿಸುತ್ತಾರೆ. ಸಿಗದಿದ್ದರೆ ಅವರು ದೂರುವುದನ್ನು ಬಿಡುವುದಿಲ್ಲ, ನಿಮ್ಮ ಹತ್ತಿರ ದೂರುವುದನ್ನು ಬಿಡುತ್ತಾರೆ. ಪಕ್ಕದ ಅಂಗಡಿಯವರ ಹತ್ತಿರ ಹೇಳುತ್ತಾರೆ.

ಮಾವನ ಪರವಾಗಿ ಆ 11 ಖಾನೆ ಕೊನೆಗೆ ನಾನೇ ತುಂಬಿದೆ. 05/03, 03/03, ಡಿಸೆಂಬರ್ 3ರ ಚಿತ್ರ, ಹೆಸರುಗಳಿಗೆ ಮಸಿ ಬಳಿದು. ಸಿವಿಯಾರಿಟಿ ಏನು ಹಾಕಲಿ ಅಂತ ಕೇಳಿದ್ದಕ್ಕೆ ಮಾವ, ‘ಆಡಿಟರು ಬಯ್ತಾರೆ ಅಂತ ಹಾಕು’ ಅಂದರು. ಆ ಆಯ್ಕೆ ಇರಲಿಲ್ಲ, ಕ್ರಿಟಿಕಲ್ ಹಾಕಿದೆ. ಚೀಟಿ ಬರಲಿಲ್ಲ, ನಂಬರೂ ಬರಲಿಲ್ಲ. ಮೂರು ವಾರದ ಮೇಲೆ ಒಂದು ದಿನ ತಂತ್ರಾಂಶ ತಾನೇ ಅಪ್‌ಡೇಟ್ ಆಯಿತು. ತಾರೀಕು ಸರಿಹೋಗಿತ್ತು. ಅಪ್‌ಡೇಟಿನಲ್ಲಿ ಹೊಸದೇನು ಅನ್ನುವಲ್ಲಿ ಇಂಗ್ಲಿಷಿನ ಒಂದೇ ಸಾಲು. ಮಾವ ಕನ್ನಡಕ ಏರಿಸಿ, ‘ಏನಂತೆ?’ ಅಂದರು.

‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ ಅಂತ, ಮಾವ.’

ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ‘ನಮ್ದು ಯಾವುದವ್ವಾ? ಸಣ್ಣದೋ, ಪುಟ್ಟದೋ?’